ಗ್ಯಾರಂಟಿ ಮೀನು

ಗಂಡ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ ಮಾತು ಅಡುಗೆಮನೆಗೆ ಅರ್ಧಂಬರ್ಧ ಕೇಳಿಸಿತು. "ಮಾಲ್ ಪಕ್ಕಾ ಹೈ ನಾ? ಐಸ್ ಮೇಂ ರಖೋ. ಘರ್ ಮೇಂ ಕಿಸೀ ಕೋ ಪತಾ ನಹೀಂ." ನಾನು ಹೊರಗೆ ಬಂದದ್ದೇ ತಡ, ರಿಸೀವರ್ ಇಟ್ಟುಬಿಟ್ಟರು.

"ಯಾರದು?"

"ಬೋಟಿನವ. ಶುಕ್ರವಾರ ಮಾವನನ್ನು ಮೀನು ಹಿಡಿಯಲಿಕ್ಕೆ ಕರ್ಕೊಂಡು ಹೋಗುವ ಅಂತ."

ಅದು ೧೯೯೦ರ ಮೇ ತಿಂಗಳು. ಆಗಸ್ಟಿನಲ್ಲಿ ನಾವಿದ್ದ ಗಲ್ಫ್ ದೇಶಕ್ಕೆ ಪಕ್ಕದ ದೇಶದ ಸೈನ್ಯ ನುಗ್ಗುತ್ತದೆಂದು ಯಾರ ಕನಸಿನಲ್ಲೂ ಇರಲಿಲ್ಲ. ಅಮ್ಮ ತೀರಿಹೋದ ಮೇಲೆ ಅಪ್ಪನನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡಿದ್ದೆವು. ಮಂಗಳೂರಿನ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದ ಅಪ್ಪ, ಫರ್ವಾನಿಯಾದ ನಮ್ಮ ಫ್ಲ್ಯಾಟಿನ ಕಿಟಕಿಯ ಬಳಿ ಕೂತು ಬಸ್ಸುಗಳನ್ನು ನೋಡುತ್ತಿದ್ದರು, ಅಷ್ಟೆ. ಕೇಳಿದರೆ ಮಾತು, ಇಲ್ಲದಿದ್ದರೆ ಮೌನ. ಹೊಳೆಯಲ್ಲಿ ಗಾಳ ಹಾಕುವುದೆಂದರೆ ಒಂದು ಕಾಲದಲ್ಲಿ ಅವರಿಗೆ ಪ್ರಾಣ. ನಡುಗಡಲಿಗೆ ಹೋಗಿ ಮೀನು ಹಿಡಿಯುವುದು ಮಾತ್ರ ಆಸೆಯಾಗಿಯೇ ಉಳಿದಿತ್ತು.

ಬೋಟಿನವನು ರತ್ನಾಗಿರಿ ಕಡೆಯವನು. ಗಿರಾಕಿಗಳನ್ನು ಆಳಕ್ಕೆ ಕರೆದೊಯ್ದು ಹ್ಯಾಲಿಬಟ್ ಹಿಡಿಸುತ್ತೇನೆ, ಗ್ಯಾರಂಟಿ, ಎಂದಿದ್ದನಂತೆ. ಹ್ಯಾಲಿಬಟ್ ಎಂದರೆ ನಮ್ಮ ನಂಗ್ ಮೀನಿನ ಹಾಗೆ ಚಪ್ಪಟೆ, ಆದರೆ ಬಹಳ ದೊಡ್ಡದು. ಕಡಲಿನ ಮೀನಿಗೆ ಗ್ಯಾರಂಟಿ ಕೊಡುವವನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಐಸಿನಲ್ಲಿಡುವ, ಮನೆಯಲ್ಲಿ ಯಾರಿಗೂ ಗೊತ್ತಾಗಬಾರದ ಮಾಲು ಯಾವುದು? ನನ್ನ ತಲೆಗೆ ಹೊಳೆದದ್ದು ಒಂದೇ, ಅಲ್ಲಿ ನಿಷೇಧವಿದ್ದ ಸಾರಾಯಿ. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಇವರ ಜೊತೆಗಿದ್ದ ಒಬ್ಬನನ್ನು ಅದೇ ಕಾರಣಕ್ಕೆ ಹಿಡಿದು ಊರಿಗೆ ಅಟ್ಟಿದ್ದರು. ಇವರು ಬೇಡವೆಂದರೂ ಕೇಳದೆ ನಾನೂ ಹೊರಟೆ.

ಬೋಟಿನ ಹಿಂಭಾಗದಲ್ಲಿ ದೊಡ್ಡದೊಂದು ಐಸ್ ಪೆಟ್ಟಿಗೆ ಇತ್ತು, ಮೇಲೆ ಟಾರ್ಪಾಲು ಬಿಗಿದಿತ್ತು. ಕುಡಿಯಲು ತಣ್ಣೀರು ಸಿಕ್ಕೀತೆಂದು ಕೈ ಹಾಕಿದರೆ ಬೋಟಿನವನು ಓಡಿಬಂದು ಅದರ ಮೇಲೆಯೇ ಕೂತ. "ಭಾಭೀಜಿ, ಉಸ್ ಮೇಂ ಚಾರಾ ಹೈ. ಬಾಸ್ ಆತೀ ಹೈ." ಇರೆಯಂತೆ, ನಾರುತ್ತದಂತೆ. ಗಾಳಕ್ಕೆ ಸಿಕ್ಕಿಸುವ ಮೀನಿನ ತುಂಡುಗಳಿಗೆ ಅಷ್ಟು ದೊಡ್ಡ ಪೆಟ್ಟಿಗೆಯೇ? ಇವರ ಮುಖ ನೋಡಿದೆ. ಇವರು ಕಡಲು ನೋಡುತ್ತಿದ್ದರು.

ದಡ ಕಾಣದಷ್ಟು ದೂರ ಹೋಗಿ ಲಂಗರು ಹಾಕಿದೆವು. ಅಪ್ಪ ಇನ್ನೂ ದಾರ ಬಿಚ್ಚುತ್ತಿದ್ದರು, ಅಷ್ಟರಲ್ಲಿ ಕಾವಲು ದೋಣಿಯೊಂದು ನೇರ ನಮ್ಮತ್ತಲೇ ಬಂತು. ಬೋಟಿನವನು ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ಯುವ ಅಧಿಕಾರಿಯೊಬ್ಬ ನಮ್ಮ ಬೋಟಿಗೆ ದಾಟಿ ಬಂದು ನಮ್ಮ ವಾಸದ ಪರವಾನಗಿಯ ಇಕಾಮಾಗಳನ್ನು, ಅಪ್ಪನ ಪಾಸ್‌ಪೋರ್ಟನ್ನು ನೋಡಿದ. ಆಮೇಲೆ ಪೆಟ್ಟಿಗೆಯತ್ತ ಬೆರಳು ಮಾಡಿದ. "ಶಿನು ಹಾದಾ?" ಏನಿದು ಎಂದು.

ಬೋಟಿನವನು ಎದ್ದ. ಟಾರ್ಪಾಲು ಸರಿಯಿತು, ಮುಚ್ಚಳ ತೆರೆಯಿತು. ಮಂಜುಗಡ್ಡೆಯ ಮೇಲೆ ಒಂದು ಭಾರಿ ಚಪ್ಪಟೆ ಮೀನು, ಎರಡು ಕಣ್ಣುಗಳೂ ಒಂದೇ ಮಗ್ಗುಲಲ್ಲಿ, ಸತ್ತು ಗಟ್ಟಿಯಾಗಿ ಮಲಗಿತ್ತು.

ಅಧಿಕಾರಿ ಒಣಗಿದ ಗಾಳಗಳನ್ನು ನೋಡಿದ, ಮೀನನ್ನು ನೋಡಿದ, ನಕ್ಕು ಹೊರಟುಹೋದ.

ಅಪ್ಪನೇ ಕೇಳಿದರು: "ಅಳಿಯಂದಿರೇ, ಇದನ್ನು ನನ್ನ ಗಾಳಕ್ಕೆ ಸಿಕ್ಕಿಸುವ ಅಂದಾಜಾ?"

ಇವರು ತಲೆ ತಗ್ಗಿಸಿದರು. "ನೀವು ಊಟಕ್ಕೆ ಕೂತಾಗ ಸಿಕ್ಕಿಸಿ ನೀರಿಗೆ ಬಿಡುವ ಅಂತ ಇತ್ತು ಮಾವ. ಬರಿಗೈಯಲ್ಲಿ ಹೋದ್ರೆ ನಿಮಗೆ ಬೇಜಾರಾದೀತು ಅಂತ."

ಅಪ್ಪನ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದರೆ, ನಗು. ಅಮ್ಮ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. "ಮತ್ತೆಂತ ನೋಡೂದು, ಸಿಕ್ಕಿಸಿ ಮಾರಾಯ್ರೇ! ನಾನು ಎಳೀತೇನೆ!" ಎಂದರು.

ಸತ್ತ ಮೀನನ್ನು ಗಾಳಕ್ಕೆ ಸಿಕ್ಕಿಸಿ ಕಡಲಿಗೆ ಬಿಟ್ಟೆವು. ಅಪ್ಪ ಹಲ್ಲು ಕಚ್ಚಿ, ಬೆವರು ಸುರಿಸಿ ಎಳೆದರು. ಇವರು ಫೋಟೋ ತೆಗೆದರು. ಸಂಜೆಯವರೆಗೂ ಕಾದರೂ ಜೀವಂತ ಮೀನೊಂದೂ ಬೀಳಲಿಲ್ಲ.

ರಾತ್ರಿ ಮೀನು ಕೊಯ್ಯುತ್ತಾ ನಗುನಗುತ್ತಲೇ ಇವರಿಗೆ ಹೇಳಿಬಿಟ್ಟೆ. "ನಾನು ಸಾರಾಯಿ ಅಂತ ಎಣಿಸಿದ್ದೆ."

ಇವರು ನಗಲಿಲ್ಲ. "ಇಷ್ಟು ವರ್ಷ ನನ್ನೊಟ್ಟಿಗೆ ಇದ್ದು ಅಷ್ಟೇನಾ ನನ್ನನ್ನು ಕಂಡದ್ದು?" ಎಂದು ಹಾಲ್‌ಗೆ ಹೋದರು. ಕೆಲವು ದಿನ ಬೇಕಾದಷ್ಟೇ ಮಾತು. ಕೊನೆಗೆ ರಾಜಿ ಮಾಡಿಸಿದ್ದು ಅಪ್ಪನೇ. "ಫೋನಲ್ಲಿ ಮಾಲ್ ಮಾಲ್ ಅಂದ್ರೆ ಹೆಂಡತಿ ಎಂತ ಎಣಿಸ್ಬೇಕು?" ಎಂದು ಅಳಿಯನನ್ನೇ ಗದರಿಸಿದರು.

ಊರಿಗೆ ಹೊರಡುವ ಮೊದಲು ಅಪ್ಪ ಇನ್ನೊಮ್ಮೆ ಹೋಗಬೇಕೆಂದು ಹಟ ಹಿಡಿದರು, ಅದೇ ಬೋಟಿನಲ್ಲಿ. ನನಗೆ ಡ್ಯೂಟಿ ಇತ್ತು. ಮಾವ ಅಳಿಯ ಇಬ್ಬರೇ ಹೋಗಿ ಒಂದು ಹಮೂರ್ ಮೀನು ತಂದರು, ಅಪ್ಪನೇ ಹಿಡಿದದ್ದಂತೆ. ನಾನು ಕಿವಿರು ಬಿಡಿಸಿ ನೋಡಿದೆ. ಕೆಂಪಗಿತ್ತು. ಹೊಟ್ಟೆ ಒತ್ತಿದೆ, ಮೂಸಿದೆ. ತಾಜಾ ಇತ್ತು. ಆದರೆ ಅವರಿಬ್ಬರೂ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡ ರೀತಿ ಕಂಡ ಮೇಲೆ, ಆ ಮೀನಿನ ಬಗ್ಗೆ ನನಗೆ ಇವತ್ತಿಗೂ ಪೂರ್ತಿ ನಂಬಿಕೆ ಬಂದಿಲ್ಲ.