ಗಾಲ್ಫ್ ಕೋಲಿನ ಮೇಲೊಂದು ಗಿಣಿ

"ಇದನ್ನು ಇವತ್ತೇ ಸರಿಮಾಡಿಕೊಡಿ, ನಾಡಿದ್ದು ಪಂದ್ಯ ಇದೆ," ಎನ್ನುತ್ತ ಅಪರಿಚಿತನೊಬ್ಬ ಕಲಘಟಗಿಯ ನಮ್ಮ ಮನೆಗೆ ಬಂದ. ಅವನ ಗಾಲ್ಫ್ ಕೋಲು ಬಸ್ಸಿನ ಮೇಲಿಂದ ಬಿದ್ದು, ಅದರ ಮರದ ತಲೆ ಸೀಳಿತ್ತು. ಊರೂರು ತಿರುಗಿ ಟೂರ್ನಮೆಂಟ್ ಆಡುವುದೇ ಅವನ ಉದ್ಯೋಗವಂತೆ! ಎಪ್ಪತ್ತರ ದಶಕದ ಮಾತು. ನಾವು ಆ ಆಟದ ಹೆಸರನ್ನೂ ಕೇಳಿರಲಿಲ್ಲ. ತೊಟ್ಟಿಲು ಮಾಡುವ ಅಪ್ಪ ಸೀಳಿಗೆ ಅಂಟು ತುಂಬಿ, ದಾರ ಬಿಗಿದು, ಕೊನೆಗೆ ಅರಗಿನ ಬಣ್ಣದಲ್ಲಿ ಹಸಿರು ಗಿಣಿಯನ್ನೂ ಬರೆದುಬಿಟ್ಟರು. ಆತ ಕಕ್ಕಾಬಿಕ್ಕಿಯಾದ.

"ಬಣ್ಣ ಇಲ್ಲದ ಕಟಿಗಿ ನಮ್ಮ ಮನಿ ಹೊಸ್ತಿಲಾ ದಾಟಂಗಿಲ್ರಿ," ಎಂದರು ಅಪ್ಪ.

ಸೀಸನ್ ಮುಗಿದ ಮೇಲೆ ಅವನ ಕಾರ್ಡು ಬಂತು: ಎಲ್ಲಿಯೂ ಗೆಲ್ಲಲಿಲ್ಲ, ಆದರೆ ಕೋಲು ಮತ್ತೆ ಸೀಳಲಿಲ್ಲ. ಓದಿ ಹೇಳಿದೆ. "ಗಿಣಿ ಬಣ್ಣ ಬಿಟ್ಟಿಲ್ಲಂತೇನು?" ಅಪ್ಪ ಕೇಳಿದ್ದು ಇಷ್ಟೇ. ಕಾರ್ಡಿನಲ್ಲಿ ಗಿಣಿಯ ಸುದ್ದಿಯೇ ಇರಲಿಲ್ಲ. "ಬಿಟ್ಟಿಲ್ಲಂತಪ್ಪಾ," ಎಂದುಬಿಟ್ಟೆ.