ಹೊರಟ ಗಿರಾಕಿಯನ್ನು ಇಂಗ್ಲಿಷಿನಲ್ಲಿ ಕರೆಯುವುದು

ಪುಸ್ತಕದ ಇಂಗ್ಲಿಷ್ ಪಾಠದಲ್ಲಿ ಅಂಗಡಿಯವ ಬೆಲೆ ಹೇಳುತ್ತಾನೆ, ಗಿರಾಕಿ ಕೊಟ್ಟು ಥ್ಯಾಂಕ್ ಯು ಅಂದು ಹೋಗುತ್ತಾನೆ. ನಿಪ್ಪಾಣಿ ಸಂತೆಯಲ್ಲಿ ಅಂಥ ಗಿರಾಕಿಯನ್ನು ನಾನಂತೂ ಕಂಡಿಲ್ಲ. ಅಲ್ಲಿ ಅವ್ವನ ಜೊತೆ ಕೂತು ಬದನೆಕಾಯಿ ಮಾರುತ್ತಲೇ ಓದಿ, ಚಿಕ್ಕೋಡಿ ಕಡೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳಾದೆ. ನನ್ನ ಮಕ್ಕಳು ಆ ಪಾಠವನ್ನು ರಾಗ ಎಳೆದು ಒಪ್ಪಿಸುತ್ತಿದ್ದರು. ಎದುರು ನಿಂತು ಒಂದು ಪ್ರಶ್ನೆ ಕೇಳಿದರೆ ಮಾತ್ರ ನೆಲ ನೋಡುತ್ತಿದ್ದರು.

ಪುಸ್ತಕ ಮುಚ್ಚಿಸಿ ತರಗತಿಯಲ್ಲೇ ಸಂತೆ ಹೂಡಿದೆ. ಅರ್ಧ ಮಕ್ಕಳು ಅಂಗಡಿಯವರು, ಉಳಿದವರು ಗಿರಾಕಿಗಳು. ವ್ಯಾಕರಣ ಕೆಟ್ಟರೆ ಕೆಡಲಿ, ಚೌಕಾಸಿ ಇಂಗ್ಲಿಷಿನಲ್ಲೇ ಆಗಬೇಕು ಅಂದೆ. ಮೊದಲ ದಿನ ಎಲ್ಲ ವ್ಯಾಪಾರವೂ ಮುರಿಯಿತು. ಗಿರಾಕಿ "ನೋ" ಅಂದು ಹೊರಟರೆ ಅಂಗಡಿಯವರು "ಓಕೆ, ಬೈ" ಅಂದು ಕೂತುಬಿಟ್ಟರು!

ಬೋರಗಾಂವದಿಂದ ಬರುವ ಒಬ್ಬ ಹುಡುಗಿಯ ತಾಯಿ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಾಳೆ. ಆ ಹುಡುಗಿಯನ್ನೇ ಕೇಳಿದೆ: "ಯಾಕ ಬೇ, ನಿಮ್ಮವ್ವ ಗಿರಾಕಿನ ಹಿಂಗ ಬಿಡ್ತಾಳೇನ?"

"ಇಲ್ರಿ ಅಕ್ಕೋರ. ಚೀಲಾ ಹಿಡದ ಜಗ್ಗತಾಳ್ರಿ."

"ಮತ್ತ ನೀ?"

"ಇಂಗ್ಲಿಷ್‌ನ್ಯಾಗ ಜಗ್ಗೂದು ಪುಸ್ತಕದಾಗ ಇಲ್ರಿ."

ಪುಸ್ತಕದಲ್ಲಿ ಇಲ್ಲದ್ದನ್ನು ನಾವೇ ಹುಟ್ಟಿಸಿದೆವು. ಹೊರಟ ಗಿರಾಕಿ ತಿರುಗಿ ನೋಡಿದರೆ ಮಾಲು ಮಾರಿದ ಹಾಗೆಯೇ, ಇದು ನಮ್ಮ ಸಂತೆಯ ಕಾಯಿದೆ. ಕರೆಯುವುದನ್ನೇ ಪಾಠ ಮಾಡಿದೆ. ನೆಲ ನೋಡುತ್ತಿದ್ದವರು ಬೆಂಚು ದಾಟಿ "ವೇಟ್! ಕಮ್ ಬ್ಯಾಕ್!" ಎಂದು ಕೂಗತೊಡಗಿದರು.

ಆ ಗದ್ದಲ ಕೇಳಿಯೇ ಹೆಡ್‌ಮಾಸ್ತರರು ಬಾಗಿಲಿಗೆ ಬಂದರು. "ಇದೇನ್ರಿ ಅಕ್ಕೋರ, ಸಾಲಿನೋ ಬಜಾರೋ? ಪರೀಕ್ಷಾದಾಗ ಚೌಕಾಸಿ ಕೇಳ್ತಾರೇನ? ನಾಳಿಂದ ಬಂದ್ ಮಾಡ್ರಿ."

"ಮಾಡಂಗಿಲ್ರಿ ಸರ್. ಪರೀಕ್ಷಾ ಮುಗದ ಮ್ಯಾಲೂ ಇವರಿಗಿ ಬಾಯಿ ಬೇಕಲ್ರಿ."

"ನಿಮ್ಮ ಜೋಡಿ ವಾದಾ ಬ್ಯಾಡ. ಬಂದ್ ಅಂದ್ರ ಬಂದ್," ಎಂದು ಅವರು ಹೊರಟೇಬಿಟ್ಟರು.

ಮೆಣಸಿನಕಾಯಿಯವಳ ಮಗಳು ಬಾಗಿಲಿಗೆ ಓಡಿದಳು. "ಸರ್, ವೇಟ್! ಫುಲ್ ಬಜಾರ್ ನೋ, ಸರ್! ಹಾಫ್ ಬಜಾರ್!"

ಅವರು ನಿಲ್ಲಲಿಲ್ಲ.

"ಸ್ಮಾಲ್ ನಾಯ್ಸ್, ಸರ್! ಡೋರ್ ಕ್ಲೋಸ್! ಕಮ್ ಬ್ಯಾಕ್, ಸರ್!"

ವರಾಂಡದ ಕಂಬದ ಹತ್ತಿರ ಹೆಡ್‌ಮಾಸ್ತರರು ತಿರುಗಿ ನೋಡಿದರು. ತರಗತಿಯೆಲ್ಲ ಹೋ ಎಂದಿತು. ಅವರೂ ಇದೇ ಸೀಮೆಯವರು, ಕಾಯಿದೆ ಗೊತ್ತಿತ್ತು. ಮೀಸೆಯಲ್ಲೇ ನಗು ತಡೆದುಕೊಂಡು, "ಡೋರ್ ಫುಲ್ ಕ್ಲೋಸ್," ಎಂದರು.

ಇಂಗ್ಲಿಷ್ ಕಲಿಸುವವರಿಗೆ ನನ್ನದೊಂದೇ ಬುದ್ಧಿಮಾತು: ಮಕ್ಕಳಿಗೆ ಥ್ಯಾಂಕ್ ಯು ಆಮೇಲೆ ಕಲಿಸಿ, ಮೊದಲು ಹೊರಟವರನ್ನು ನಿಲ್ಲಿಸುವುದು ಕಲಿಸಿ. ನಮ್ಮ ಸಂತೆ ಈಗಲೂ ನಡೆಯುತ್ತದೆ. ಮಾತು ಕೊಟ್ಟಂತೆ ಬಾಗಿಲು ಹಾಕುತ್ತೇವೆ. ಗದ್ದಲವನ್ನು ಮಾತ್ರ ನಾನು ಕಡಿಮೆ ಮಾಡಿಸಿಲ್ಲ.