ರತ್ನಮ್ಮನ ಹೆಬ್ಬೆರಳು, ಎರಡು ಅಳಿಲುಗಳು

'ಟೊಯ್ಂಕ್!' ಅಳಿಲು ನೆಗೆದಾಗಲೆಲ್ಲ ಆ ಆಟ ಹೀಗೇ ಸದ್ದು ಮಾಡುತ್ತಿತ್ತು. ಕೋವಿಡ್ ಕಳೆದ ಮರುವರ್ಷ. ಹೊಸಕೋಟೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್; ರಿಟೈರ್ ಆದ ಮೇಲೂ ಬಿಡದೆ ಹೋಗುತ್ತಿದ್ದೆ. ಮಕ್ಕಳ ಕೈ ವ್ಯಾಯಾಮಕ್ಕೆಂದು ಯಾರೋ ದಾನ ಕೊಟ್ಟ ವಿಡಿಯೋ ಗೇಮ್ ಅಲ್ಲಿತ್ತು. ಪ್ಲಾಟ್‌ಫಾರ್ಮ್ ಗೇಮ್ ಎನ್ನುತ್ತಾರೆ: ಇಬ್ಬರು ಆಡುವವರು, ಎರಡು ಅಳಿಲು. ಕಟ್ಟೆಯಿಂದ ಕಟ್ಟೆಗೆ ಹಾರುತ್ತಾ ಓಡಬೇಕು, ತಪ್ಪಿದರೆ ಹಳ್ಳ. ಬಟನ್ ಎಷ್ಟು ಹೊತ್ತು ಒತ್ತಿ ಹಿಡಿಯುತ್ತೇವೋ ಅಷ್ಟು ದೂರ ನೆಗೆತ.

ಆಗ ಬಂದವಳು ನಂದಗುಡಿ ಕಡೆಯ ರತ್ನಮ್ಮ. ಕೊಟ್ಟಿಗೆಯಲ್ಲಿ ಜಾರಿ ಬಲ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಮೂಳೆ ಕೂಡಿತ್ತು; ಬೆರಳುಗಳು ಮಾತ್ರ ಕಟ್ಟಿಗೆಯಂತೆ. ನಾವು ಸ್ಟಿಫ್‌ನೆಸ್ ಎನ್ನುವುದು ಇದನ್ನೇ.

"ಹಸ ಗಬ್ಬ ಐತೆ ಮೇಡಂ. ಅದು ಕರ ಹಾಕೋದ್ರೊಳಗೆ ಕೈ ಬರ್ಬೇಕು. ಬೇರೆಯೋರು ಕರೆಯಕ್ಕೆ ಕೂತ್ರೆ ಒದಿತೈತೆ. ನಮ್ಮೆಜಮಾನ್ರು ಮಾರ್ಬಿಡಾಣ ಅಂತ ಕುಂತವ್ರೆ."

ಸ್ಪಂಜಿನ ಚೆಂಡು ಹಿಸುಕುವುದು ಅವಳಿಗೆ ಬೇಸರ. ಆಟದ ರಿಮೋಟ್ ಕೊಟ್ಟೆ. ಹಾಲಿನ ಬಕೆಟ್ಟಿನ ಹಾಗೆ ಅದನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡಳು. ಎಷ್ಟು ಸಲ ಸರಿಪಡಿಸಿದರೂ ಅಲ್ಲಿಗೇ ಹೋಗುತ್ತಿತ್ತು. ನೋಡಿದರೆ ಹಾಗೆ ಹಿಡಿದಾಗಲೇ ಮಣಿಕಟ್ಟು ನೆಟ್ಟಗಿತ್ತು! ಹಾಗೇ ಬಿಟ್ಟೆ, ಇನ್ನೊಂದು ರಿಮೋಟ್ ಹಿಡಿದು ಪಕ್ಕದಲ್ಲಿ ಕೂತೆ.

"ಏನ್ ಮೇಡಂ, ನಿಮ್ಮ ಅಳಿಲು ಬರೀ ಹಳ್ಳಕ್ಕೇ ಬೀಳ್ತೈತೆ! ಅದ್ಕೊಂದು ಕನ್ನಡಕ ಹಾಕ್ಸಿ."

"ನಿನ್ನದಕ್ಕೇನೇ ಅಷ್ಟು ಅವಸರ? ನಾನು ಬರೋವರೆಗೆ ನಿಲ್ಲು."

"ನಿಂತ್ರೆ ಸಾಯ್ತೈತೆ ಕಣಮ್ಮಾ, ಓಡ್ಸಿ ಓಡ್ಸಿ!"

ಆನೆಸ್ಟ್ಲಿ, ಹಾಗೆ ನಕ್ಕು ನನಗೆ ವರ್ಷಗಳೇ ಆಗಿದ್ದವು. ನೋವು ಬಂದಾಗ ಹಲ್ಲು ಕಚ್ಚುವಳು, ಬಟನ್ ಬಿಡಳು. ಒಂದು ಬೆಳಿಗ್ಗೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ನನ್ನ ಮೂಗಿನ ಮುಂದೆ ಹಿಡಿದಳು. ಇಬ್ಬರ ಕಣ್ಣಲ್ಲೂ ನೀರು. ಉಳಿದಿದ್ದ ಕೊನೆಯ ಸ್ಟೇಜನ್ನು ಮುಂದಿನ ಸಲ ಒಟ್ಟಿಗೆ ಮುಗಿಸೋಣ ಎಂದು ಮಾತಾಯಿತು. ಮುಂದಿನ ಸಲ ಅವಳು ಬರಲಿಲ್ಲ. ಫೋನೂ ಎತ್ತಲಿಲ್ಲ. ಕೈ ಮತ್ತೆ ಬಿಗಿಯಿತೋ, ಹಸುವನ್ನು ಮಾರಿದರೋ ಎಂದು ಬಹಳ ದಿನ ಒದ್ದಾಡಿದೆ.

ಹಳೆಯದಾಯಿತೆಂದು ಆಸ್ಪತ್ರೆಯವರು ಆ ಗೇಮನ್ನು ನನಗೇ ಕೊಟ್ಟರು. ಕಳೆದ ತಿಂಗಳು ಮನೆಯಲ್ಲಿ ಕೂತು ಮುಗಿಸಿದೆ. ಹೇಗಿತ್ತು ಎಂದರೆ ಏನು ಹೇಳಲಿ? ನೆಗೆತ ಸೊಗಸು, ಮ್ಯೂಸಿಕ್ ಲವ್ಲಿ. ಅಳಿಲುಗಳ ಹಿಂದೆ ಕಾಣುವ ಕಾಡನ್ನು ಯಾರೋ ಅಷ್ಟು ಪ್ರೀತಿಯಿಂದ ಬರೆದಿದ್ದಾರೆ, ನಿಂತು ನೋಡಲು ಮಾತ್ರ ಬಿಡುವುದಿಲ್ಲ. ನಿಂತರೆ ನೆಲವೇ ಕುಸಿಯುತ್ತದೆ. ಅಷ್ಟು ಕಾದಿದ್ದ ಕೊನೆಯ ಸ್ಟೇಜು ಸಪ್ಪೆ. ಒಬ್ಬರೇ ಆಡಿದರೆ ಎರಡನೇ ಅಳಿಲನ್ನು ಮಶೀನೇ ಓಡಿಸುತ್ತದೆ. ಅದು ಒಮ್ಮೆಯೂ ಹಳ್ಳಕ್ಕೆ ಬೀಳುವುದಿಲ್ಲ, ನನ್ನನ್ನು ಬೈಯುವುದೂ ಇಲ್ಲ.

ಪೇಶೆಂಟಿಗೆ ನಾವು ಬೇಡವಾದರೆ ಕೇಸ್ ಗೆದ್ದಂತೆ. ನನ್ನ ವೃತ್ತಿ ಕಲಿಸಿದ್ದು ಇದು. ಗೆದ್ದ ಮೇಲೂ ಬಾಗಿಲ ಕಡೆ ಕಣ್ಣು ಹೋಗುವುದನ್ನು ಹೇಗೆ ತಡೆಯಬೇಕೆಂದು ಯಾರೂ ಕಲಿಸಲಿಲ್ಲ.

ಅವಳನ್ನು ಕೊನೆಯದಾಗಿ ಕಂಡದ್ದು ಅವಳು ಬರುವುದು ನಿಂತ ಆ ವರ್ಷವೇ, ನೆಂಟರ ಮದುವೆಗೆ ಹೋಗುವಾಗ, ನಂದಗುಡಿಯ ಹಾಲಿನ ಡೈರಿ ಮುಂದೆ. ಕಾರು ನಿಲ್ಲಿಸಿ ಕೂಗಿದೆ.

"ಅಯ್ಯೋ ಮೇಡಂ! ಹಸ ಮಾರ್ಲಿಲ್ಲ ಕಣಮ್ಮಾ. ಹೆಣ್ಗರ!"

"ಆಟ ಹಾಗೇ ಇದೆಯಲ್ಲೇ, ಯಾವಾಗ ಬರ್ತೀಯ?"

"ನಂಗೆಲ್ಲಿ ಪುರ್ಸೊತ್ತು? ನೀವೇ ಮುಗಿಸ್ಬಿಡಿ."

ಅಷ್ಟರಲ್ಲಿ ಸಾಲು ಮುಂದೆ ಸರಿಯಿತು. ತುಂಬಿದ ಕ್ಯಾನನ್ನು ಬಲಗೈಯಲ್ಲೇ ಎತ್ತಿಕೊಂಡು ಹೋದಳು.